ಮಾವನವರ ಕಿವಿಗೆ ನಾನು ಸಾಕ್ಷಿ

ಸದ್ದಿಲ್ಲದಿದ್ದರೆ ನಿದ್ದೆಯೇ ಬಾರದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಅವರ ಮನೆಗೇ ಸೊಸೆಯಾಗಿ ಹೋಗಿ ಅವರಿಗೆ ವರ್ಷಗಟ್ಟಲೆ ಮುದ್ದೆ ಬಡಿಸಿದ್ದೇನೆ. ಲೋಕದ ಜನವೆಲ್ಲ ಗಲಾಟೆಯಿಂದ ದೂರ ಓಡಿದರೆ ನಮ್ಮ ಮಾವನವರು ಗಲಾಟೆಯನ್ನು ಹುಡುಕಿಕೊಂಡು ಮೈಲಿಗಟ್ಟಲೆ ನಡೆಯುತ್ತಿದ್ದರು. ಸಿಕ್ಕಿದ ಕೂಡಲೇ ಅಲ್ಲೇ ಟವಲ್ಲು ಹಾಸಿ ಮಲಗಿಬಿಡುತ್ತಿದ್ದರು.

ನಮ್ಮ ಮನೆ ಇದ್ದದ್ದು ಹನಕೆರೆಯಲ್ಲಿ. ಸ್ಟೇಷನ್ನಿನ ಕಲ್ಲುಬೆಂಚು ಮಾವನವರ ಮೊದಲನೆಯ ಮಲಗುವ ಕೋಣೆ. ಮದ್ದೂರಿನ ಕಡೆಯಿಂದ ಗಾಡಿ ಬರುವ ಸೂಚನೆ ಸಿಕ್ಕಿತೆಂದರೆ ಉಳಿದವರೆಲ್ಲ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು, ಇವರು ಮಲಗುತ್ತಿದ್ದರು. ಗಾಡಿ ಬಂದು, ಉಸ್ಸೆಂದು ನಿಂತು, ಕೂಗಿ ಹೊರಡುವವರೆಗೆ ಸುಖನಿದ್ರೆ. ಸದ್ದು ಅಡಗಿದ ಮರುಕ್ಷಣ ಎದ್ದು ಕೂತು ಕಣ್ಣುಜ್ಜಿಕೊಳ್ಳುತ್ತಿದ್ದರು. ಹೊಸದಾಗಿ ಬಂದ ಸ್ಟೇಷನ್ ಮಾಸ್ತರರು ಪಾಪ, ಇವರಿಗೆ ದಿನವೂ ಗಾಡಿ ತಪ್ಪುತ್ತಿದೆ ಎಂದು ಮರುಗಿ, "ಯಜಮಾನರೇ, ತಾವು ಎಲ್ಲಿಗೆ ಹೋಗಬೇಕು?" ಎಂದು ಕೇಳಿದರಂತೆ.

"ಎಲ್ಲಿಗೂ ಇಲ್ಲ ಸ್ವಾಮಿ, ಮಲಗಾಕ್ ಬಂದಿವ್ನಿ," ಅಂದರಂತೆ ಮಾವ. "ಮುಂದಿನ ಗಾಡಿ ಎಷ್ಟೊತ್ಗೆ?"

ಎರಡನೆಯ ಮಲಗುವ ಕೋಣೆ ಮದ್ದೂರಿನ ಒಂದು ಅಕ್ಕಿ ಮಿಲ್ಲಿನ ಜಗಲಿ. ಸಂತೆಗೆಂದು ಹೋದವರು ಮಿಲ್ಲಿನ ಎಂಜಿನ್ನಿನ ಟುಕುಟುಕು ಕೇಳಿ ಅಲ್ಲೇ ಒರಗಿದ್ದರು. ಮಿಲ್ಲಿನ ಯಜಮಾನ ಇವರನ್ನು ಅಕ್ಕಿಯ ಲೆಕ್ಕ ನೋಡಲು ಸರ್ಕಾರದವರು ಕಳಿಸಿದ ಗೂಢಚಾರನೆಂದು ತಿಳಿದು ನಾಲ್ಕು ವಾರ ಮಜ್ಜಿಗೆ ಕೊಟ್ಟು ಉಪಚಾರ ಮಾಡಿದ. ಐದನೆಯ ವಾರ ಎಂಜಿನ್ನು ಕೆಟ್ಟು ನಿಂತಿತು. ಮಾವನವರು ಧಡಕ್ಕನೆ ಎದ್ದು ಒಳಗೆ ಹೋಗಿ, "ಏನ್ರಯ್ಯ, ಇಂಗ್ ನಿಲ್ಲುಸ್ಬುಟ್ರೆ ಮನುಸ ಮಲಗೋದ್ ಬ್ಯಾಡ್ವಾ?" ಎಂದು ಜಗಳಕ್ಕೇ ನಿಂತರು. ಅವತ್ತಿನಿಂದ ಮಜ್ಜಿಗೆ ನಿಂತಿತು, ಜಗಲಿ ಮಾತ್ರ ಉಳಿಯಿತು.

ಇದಕ್ಕೆಲ್ಲ ಕಾರಣ ಒಂದು ಸದ್ದು. ಮಾವನವರಿಗೆ ಹಗಲೂ ರಾತ್ರಿ ಗುಂಯ್ ಎನ್ನುವ ಒಂದು ಸದ್ದು ಕೇಳಿಸುತ್ತಿತ್ತು. ಕೆಲವು ದಿನ ಜೀರುಂಡೆಯ ಹಾಗೆ, ಕೆಲವು ದಿನ ಕಂಚಿನ ಚೊಂಬಿಗೆ ಬಡಿದು ಬಿಟ್ಟ ಹಾಗೆ. ಸುತ್ತ ಗಲಾಟೆ ಇದ್ದರೆ ಅದು ಅಡಗುತ್ತಿತ್ತು, ಮನೆ ಶಾಂತವಾದರೆ ತಲೆಯೆತ್ತುತ್ತಿತ್ತು. ಊರವರು ಕಿವಿಯ ಕಾಯಿಲೆ ಎಂದರು. ಮಾವನವರು ಒಪ್ಪಲಿಲ್ಲ. ಸದ್ದು ಹೊರಗೇ ಇದೆ, ತಮ್ಮ ಕಿವಿ ಚುರುಕಾದ್ದರಿಂದ ಕೇಳಿಸುತ್ತದೆ, ಊರವರ ಕಿವಿ ಮಂದ ಎನ್ನುವುದು ಅವರ ವಾದ. ಪಕ್ಕದಲ್ಲಿ ನಿಂತು ಕರೆದರೆ ತಿರುಗಿ ನೋಡದ ಮನುಷ್ಯನ ವಾದ ಇದು!

ಅತ್ತೆಗೆ ಈ ವಾದ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ಹತ್ತು ವರ್ಸದಿಂದ ನಾನ್ ಕೂಗಿದ್ದು ಒಂದಿನ ಕೇಳ್ನಿಲ್ಲ ಈ ಮನುಸಂಗೆ. ಯಾವ್ದೋ ಜೀರುಂಡೆ ಕೂಗಿದ್ದು ಕೇಳ್ತದಂತೆ," ಎನ್ನುತ್ತಿದ್ದರು. ಅವರ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಸೀಮೆಗೆ ನೀರು ತರುವ ನಾಲೆ ತೋಡುವಾಗ ಮಾವನವರು ಅಲ್ಲಿ ಮದ್ದಿನ ಮೇಸ್ತ್ರಿಯಾಗಿದ್ದರು. ದಾರಿಗೆ ಅಡ್ಡ ಬಂದ ಬಂಡೆಗಳಿಗೆ ಮದ್ದು ತುಂಬಿ ಸಿಡಿಸುವ ಕೆಲಸ. ಒಳ್ಳೆಯ ಸಂಬಳ, ಒಳ್ಳೆಯ ಹೆಸರು. ಕೆಲಸ ಮುಗಿಯಲು ಇನ್ನೂ ವರ್ಷವಿರುವಾಗ ಒಂದು ಸಂಜೆ ಮನೆಗೆ ಬಂದು, "ಬುಟ್ಬುಟ್ಟೆ," ಎಂದರು. ಯಾಕೆ ಎಂದು ಅತ್ತೆ ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ನಾಲೆಯಲ್ಲಿ ನೀರು ಬಂದು, ಊರಿನ ಗದ್ದೆಯೆಲ್ಲ ಹಸಿರಾಗಿ, ಮಗನಿಗೆ ಮದುವೆಯಾದರೂ ಕೇಳಿಸಲಿಲ್ಲ.

ಈ ಸಂಸಾರಕ್ಕೆ ನಾನು ಬಂದೆ. ನಮ್ಮಪ್ಪ ಮಳವಳ್ಳಿಯಲ್ಲಿ ಶಾಲೆ ಮೇಷ್ಟ್ರು. ಅಪ್ಪ ನನಗೆ ಓದಲು ಕಲಿಸಿದ್ದರು, ಅಮ್ಮ ಬಾಯಿ ಮುಚ್ಚಿಕೊಂಡಿರಲು ಕಲಿಸಿದ್ದಳು. ಎತ್ತಿನ ಗಾಡಿ ಹತ್ತಿಸುವಾಗ ಅಮ್ಮ ಕೈಹಿಡಿದು ಹೇಳಿದ್ದು ಒಂದೇ ಮಾತು: "ಮಾವ ಏನು ಕೇಳಿದ್ರೂ ಹೂಂ ಅನ್ನು. ಹೊಸ ಸೊಸೆ ಬಾಯಲ್ಲಿ ಇಲ್ಲ ಅನ್ನೋ ಮಾತು ಬರಬಾರದು." ಈಗಿನ ಸೊಸೆಯಂದಿರು ಇದನ್ನು ಓದಿ ನಗಬಹುದು. ನಗಲಿ. ನಮ್ಮ ಕಾಲದಲ್ಲಿ ಮಾವನ ಎದುರಿಗೆ ನಿಲ್ಲುವುದೂ ಇರಲಿಲ್ಲ, ಸೆರಗು ಹೊದ್ದು ಬಾಗಿಲ ಮರೆಯಿಂದ ತಲೆಯಾಡಿಸಿದರೆ ಅದೇ ಮಾತು.

ಬಂದ ಮೂರನೆಯ ದಿನ ಮಾವನವರು ಊಟಕ್ಕೆ ಕೂತಿದ್ದರು. ನಾನು ಸಾರಿನ ಪಾತ್ರೆ ಹಿಡಿದು ಬಾಗಿಲ ಮರೆಯಲ್ಲಿದ್ದೆ. ಮನೆಯಲ್ಲಿ ಸದ್ದಿರಲಿಲ್ಲ. ಅವರು ತುತ್ತು ಮುರಿಯುತ್ತಿದ್ದವರು ಕೈ ನಿಲ್ಲಿಸಿ, ತಲೆ ವಾಲಿಸಿ, ನನ್ನ ಕಡೆ ನೋಡಿದರು.

"ಈಗ ಒಂದ್ ಸದ್ದು ಬತ್ತಾ ಅದಲ್ಲ, ಗುಂಯ್ ಅಂತ. ನಿಂಗೂ ಕೇಳ್ತದೇನವ್ವ?"

ನನಗೆ ಕೇಳಿಸಿದ್ದು ಒಲೆಯ ಮೇಲಿನ ನೀರಿನ ಸದ್ದೊಂದೇ. ಆದರೆ ಅಮ್ಮ ಹೇಳಿದ್ದು ಜ್ಞಾಪಕವಿತ್ತು. ತಲೆಯಾಡಿಸಿ, ಹೂಂ ಅಂದೆ.

ಮಾವನವರ ಮುಖ ಅರಳಿದ್ದನ್ನು ನಾನು ಈಗಲೂ ಮರೆತಿಲ್ಲ. ಎಂಜಲು ಕೈಯಲ್ಲೇ ಎದ್ದು ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. "ನೋಡ್ರಲಾ! ಮೇಷ್ಟ್ರ ಮಗ್ಳಿಗೆ ಕೇಳ್ತದೆ! ಓದಿರೋರ್ ಕಿವಿನೇ ಬ್ಯಾರೆ ಕಣ್ರಲಾ!"

ಒಂದು ಹೂಂನಿಂದ ಏನೇನಾಗಬಹುದು? ಮೊದಲು ಮನೆ ಕಿತ್ತುಹೋಗಬಹುದು. ಇಬ್ಬರಿಗೆ ಕೇಳಿಸುತ್ತಿದೆ ಎಂದ ಮೇಲೆ ಸದ್ದು ಮನೆಯೊಳಗೇ ಇರಬೇಕಲ್ಲ? ಮಾರನೆಯ ಬೆಳಿಗ್ಗೆ ಮಾವನವರು ಏಣಿ ಹಾಕಿ ಹೆಂಚು ಇಳಿಸತೊಡಗಿದರು. ರಾಗಿಯ ಗುಡಾಣಗಳು ಅಂಗಳಕ್ಕೆ ಬಂದವು. ಕೊಟ್ಟಿಗೆಯ ಗೋಡೆಗೆ ಕಿವಿಯಿಟ್ಟು ಒಂದು ಗಂಟೆ ನಿಂತರು. ಸೌದೆ ರಾಶಿ ಅಗೆದು ಏಳು ಜೀರುಂಡೆ ಹಿಡಿದು ಕೆರೆಯಾಚೆ ಬಿಟ್ಟುಬಂದರು. ಬಂದವರೇ ಬಾಗಿಲ ಕಡೆ ತಿರುಗಿ, "ಈಗ ನಿಂತದಾ?" ಎಂದರು. ನಿಂತಿದೆ ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವರೇ, "ನಿಂತಿಲ್ಲ, ಅಲ್ವಾ?" ಎಂದು ಕೇಳಿಬಿಟ್ಟರು. ಹೂಂ ಅಂದೆ.

ಮಳೆ ಬರುವುದಕ್ಕೆ ಮೊದಲು ಹೆಂಚು ಮತ್ತೆ ಹೊದಿಸಲು ಅತ್ತೆ, ನನ್ನ ಯಜಮಾನರು, ನಾನು ಮೂವರೂ ಎರಡು ದಿನ ದುಡಿದೆವು. ಹೆಂಚು ಎತ್ತಿಕೊಡುತ್ತಾ ಅತ್ತೆ ನನ್ನನ್ನು ಕೆಕ್ಕರಿಸಿ ನೋಡಿ, "ನಿಜ ಯೋಳು, ನಿಂಗ್ ಕೇಳ್ತದಾ?" ಎಂದರು. ಅತ್ತೆಗೆ ಏನು ಹೇಳಬೇಕೆಂದು ಅಮ್ಮ ಹೇಳಿಕೊಟ್ಟಿರಲಿಲ್ಲ. ನಾನು ಇನ್ನೊಂದು ಹೆಂಚು ತರಲು ಹೋದೆ.

ಆಮೇಲೆ ಅದೊಂದು ದಿನಚರಿಯಾಯಿತು. ದಿನ ಬೆಳಗಾದರೆ ಮಾವನವರು ಜಗಲಿಯಿಂದ ಕೇಳುತ್ತಿದ್ದರು: "ಇವತ್ ಎಂಗದೆ ಕಣವ್ವ?" ನಾನು ಒಳಗಿನಿಂದ ಕೈಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದರೆ ಜಾಸ್ತಿ, ಕೆಳಗಿಳಿಸಿದರೆ ಕಮ್ಮಿ. ಅವರ ಮುಖ ನೋಡಿಕೊಂಡೇ ಕೈ ಎತ್ತುತ್ತಿದ್ದೆ. ಹುಬ್ಬು ಗಂಟಿಕ್ಕಿದ್ದರೆ ಜಾಸ್ತಿ. ಒಂದು ದಿನವೂ ತಪ್ಪಲಿಲ್ಲ. "ಸರ್ಯಾಗ್ ಯೋಳ್ದೆ," ಎಂದು ಅವರು ಸಮಾಧಾನದಿಂದ ನಾಲೆಯ ತೂಬಿನ ಹತ್ತಿರ ಹೋಗಿ, ನೀರು ಧುಮುಕುವ ಸದ್ದಿಗೆ ಮಲಗುತ್ತಿದ್ದರು. ಅದು ಅವರ ಮೂರನೆಯ ಕೋಣೆ. ಮೊದಲು ಊಟ ಬಿಟ್ಟು ಸಿಡುಕುತ್ತಿದ್ದವರು ಈಗ ಎರಡು ಮುದ್ದೆ ಉಣ್ಣುತ್ತಾರೆ ಎಂದು ಯಜಮಾನರು ಹೇಳಿದಾಗ, ಸುಳ್ಳು ಹೇಳಿದ ಪಾಪ ನನಗೆ ಸ್ವಲ್ಪ ಹಗುರವಾಯಿತು.

ಆದರೆ ಸುಳ್ಳು ಡಾಕ್ಟರ ಮುಂದೆ ನಿಲ್ಲುತ್ತದೆಯೇ? ನಿಂತಿತು! ಯಜಮಾನರು ಬಲವಂತದಿಂದ ಮಾವನವರನ್ನು ಮಂಡ್ಯದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸಾಕ್ಷಿಯಿಲ್ಲದೆ ಬರುವುದಿಲ್ಲವೆಂದು ಮಾವನವರು ಹಟ ಹಿಡಿದದ್ದರಿಂದ ನಾನೂ ಹೋದೆ. ಡಾಕ್ಟರು ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮೇಜಿಗೆ ತಟ್ಟಿ ಮಾವನವರ ಕಿವಿಯ ಹತ್ತಿರ ಹಿಡಿದರು.

"ಕೇಳಿಸ್ತಾ ಇದೆಯಾ?"

"ನಿಮ್ ಕಡ್ಡಿದಾ ನಂದಾ? ನಂದೇ ಜೋರು ಸ್ವಾಮಿ," ಎಂದರು ಮಾವ.

ಡಾಕ್ಟರು ಒಳ್ಳೆಯ ಮನುಷ್ಯ. ಕಡ್ಡಿ ಕೆಳಗಿಟ್ಟು ನಮ್ಮ ಯಜಮಾನರಿಗೆ ಬಿಡಿಸಿ ಹೇಳಿದರು. ಕಿವಿಯ ಒಳಗೆ ಬಲು ಸೂಕ್ಷ್ಮವಾದ ಎಳೆಗಳಿವೆಯಂತೆ. ಸಿಡಿಮದ್ದಿನಂಥ ಸದ್ದು ಬಡಿದರೆ ಅವು ಬಾಗುತ್ತವೆ, ಮತ್ತೆ ಮತ್ತೆ ಬಡಿದರೆ ಸತ್ತೇಹೋಗುತ್ತವೆ, ಸತ್ತದ್ದು ಮತ್ತೆ ಚಿಗುರುವುದಿಲ್ಲ. ಮೊದಲು ಹೋಗುವುದು ಸಣ್ಣ ದನಿ: ಹೆಂಗಸರ ಮಾತು, ಮಕ್ಕಳ ಮಾತು, ಹಕ್ಕಿಯ ಕೂಗು. ಹೊರಗಿನ ಸದ್ದು ಬಾರದ ಕಡೆ ಒಳಗೇ ಒಂದು ಸದ್ದು ಹುಟ್ಟಿಕೊಳ್ಳುತ್ತದೆ. ಅದಕ್ಕೆ ಔಷಧ ಇಲ್ಲ. ಅತ್ತೆಯ ಕೂಗು ಯಾಕೆ ಕೇಳಿಸುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅಷ್ಟು ವರ್ಷ ಅತ್ತೆ ಅದನ್ನು ಬೇಕೆಂದೇ ಮಾಡುವ ಅಸಡ್ಡೆ ಎಂದುಕೊಂಡಿದ್ದರು.

"ಮದ್ದು ಸಿಡಿಯುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಬಾರದಿತ್ತೇ?" ಎಂದು ಡಾಕ್ಟರು ಗಟ್ಟಿಯಾಗಿ ಕೇಳಿದರು.

"ನಾನೂ ಹತ್ತಿ ಮಡಿಕ್ಕಂಡ್ರೆ ಎಣಿಸೋರ್ ಯಾರು?" ಎಂದರು ಮಾವ. ಏನು ಎಣಿಸುವುದು ಎಂದು ಯಾರೂ ಕೇಳಲಿಲ್ಲ. ಅವರು ಆಗಲೇ ನನ್ನ ಕಡೆ ಕೈ ತೋರಿಸಿದ್ದರು. "ಇದು ಕಿವೀಲಿ ಇರಾದಲ್ಲ ಸ್ವಾಮಿ. ಬೇಕಾರೆ ನಮ್ ಸೊಸೆ ಕೇಳಿ. ಆವಮ್ಮಂಗೂ ಕೇಳ್ತದೆ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ಯಜಮಾನರು ನೋಡಿದರು. ಮಾವನವರು ನೋಡಿದರು. ನಾನು ನೆಲ ನೋಡಿ, ಹೂಂ ಅಂದೆ.

"ಏನಮ್ಮಾ, ನೀವೂ ಮದ್ದು ಸಿಡಿಸ್ತಾ ಇದ್ದಿರಾ?" ಎಂದರು ಡಾಕ್ಟರು.

ಕೊನೆಗೆ ಅವರು ಕಿವಿಗೆ ಬಿಡಲು ಎಣ್ಣೆಯಂಥ ಒಂದು ಔಷಧ ಕೊಟ್ಟರು, ಮಾವನವರ ಮನಸ್ಸಿನ ಸಮಾಧಾನಕ್ಕೆ ಒಂದು ಸೀಸೆ, ನನಗೆ ಒಂದು ಸೀಸೆ. ಒಂದು ತಿಂಗಳು ದಿನಕ್ಕೆರಡು ಸಲ ಮಾವ ಜಗಲಿಯಲ್ಲಿ, ಸೊಸೆ ಅಡಿಗೆಮನೆಯಲ್ಲಿ, ಒಂದು ಕಡೆಗೆ ತಲೆ ವಾಲಿಸಿಕೊಂಡು ಮಲಗಿರುತ್ತಿದ್ದೆವು. ಅತ್ತೆ ಇಬ್ಬರ ಕಿವಿಗೂ ಔಷಧ ಹಾಕಿ ಹಾಕಿ ಬೇಸತ್ತು, "ಈ ಮನೇಲಿ ಕಿವಿ ನೆಟ್ಗಿರೋಳು ನಾನೊಬ್ಳೇಯ," ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಬಂದರು.

ಇದು ಹೀಗೇ ನಡೆಯುತ್ತಿತ್ತೋ ಏನೋ. ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮಳವಳ್ಳಿ ಕಡೆಯಿಂದ ಒಬ್ಬ ಕಂಟ್ರಾಕ್ಟರನ ಆಳು ಬಂದು ಜಗಲಿಯಲ್ಲಿ ಕೂತ. ಅಲ್ಲಿ ರಸ್ತೆಗೆ ಬಂಡೆ ಒಡೆಯಬೇಕು, ಮದ್ದಿನ ಕೆಲಸ ಬಲ್ಲ ಮೇಸ್ತ್ರಿ ಸಿಗುತ್ತಿಲ್ಲ, ನಾಲೆಯ ಕಾಲದಿಂದ ನಿಮ್ಮ ಹೆಸರು ಕೇಳಿದ್ದೇವೆ ಎಂದ. ಮಾವನವರು "ಸೋಮವಾರ ಬತ್ತೀನಿ," ಎಂದರು. ಅತ್ತೆ ಸಂತೋಷಪಟ್ಟು ಅವನಿಗೆ ರೊಟ್ಟಿ ಕೊಟ್ಟು ಕಳಿಸಿದರು.

ಅವನು ಹೋದ ಮೇಲೆ ಮಾವನವರು ಎದ್ದು, ಯಾವತ್ತೂ ಬಾರದವರು, ಅಡಿಗೆಮನೆಯ ಬಾಗಿಲಿಗೇ ಬಂದು ಹೊಸಲಿನ ಮೇಲೆ ಕೂತರು. ನಾನು ಗಾಬರಿಯಿಂದ ಎದ್ದು ಕದದ ಹಿಂದೆ ನಿಂತೆ.

"ಕೇಳವ್ವ, ಇದ್ನ ನಾನ್ ಯಾರ್ಗೂ ಯೋಳಿಲ್ಲ," ಎಂದರು. "ಬಂಡೆಗೆ ಹತ್ತು ತೂತು ಕೊರುದ್ರೆ ಹತ್ತು ಬತ್ತಿ ಹಚ್ತೀವಿ. ಆಳ್ಗಳೆಲ್ಲ ದೂರ ಓಡಿ, ಕಿವಿಗೆ ಹತ್ತಿ ತುರುಕ್ಕಂಡು ಬಗ್ಗಿ ಕೂತ್ಕತಾರೆ. ಮೇಸ್ತ್ರಿ ಮಾತ್ರ ತುರುಕ್ಕಳಂಗಿಲ್ಲ. ಅವ್ನು ಸದ್ದು ಎಣಿಸ್ಬೇಕು. ಹತ್ತಾದ್ರೆ ಇಳೀರ್ಲಾ ಅಂತೀನಿ, ಎಲ್ಲಾ ಇಳುದು ಕಲ್ಲು ತಗೀತಾರೆ. ಒಂಬತ್ತೇ ಆದ್ರೆ ಒಂದು ಒಳ್ಗೇ ಕೂತದೆ ಅಂತ. ಯಾರೂ ಇಳಿಯಂಗಿಲ್ಲ."

ಅವರು ಟವಲ್ಲಿನಿಂದ ಮುಖ ಒರೆಸಿಕೊಂಡರು.

"ಆವತ್ತು ಹತ್ತು ಎಣಿಸ್ದೆ. ಇಳೀರ್ಲಾ ಅಂದೆ. ನನ್ ಮಾತ್ ನಂಬಿ ಇಳುದ್ರು. ನಾಕು ಹೆಜ್ಜೆ ಮಡಗಿರ್ನಿಲ್ಲ, ಹತ್ತನೇದು ಆಗ ಹಾರ್ತು. ದೇವ್ರ್ ದೊಡ್ಡೋನು, ಒಬ್ಬನ ಪೇಟ ಹಾರೋಯ್ತು ಅಷ್ಟೇಯ, ಯಾರ್ಗೂ ಏನೂ ಆಗ್ನಿಲ್ಲ. ಅಂಗಾರೆ ನಾನ್ ಎಣಿಸಿದ್ದು ಯಾವ್ದು? ಕಿವಿ ಒಳ್ಗಿನ್ ಸದ್ದನ್ನೇ ಎಣಿಸ್ಬುಟ್ನೇನೋ ಅಂತ ಎದೆ ಒಡ್ದೋಯ್ತು. ಅವತ್ತೇ ಕೆಲ್ಸ ಬುಟ್ಟೆ. ಐದು ವರ್ಸ ಅದೇ ಯೋಚ್ನೆ ಕಣವ್ವ, ನಾನು ಜನ ಕೊಲ್ತಿದ್ನಲ್ಲಾ ಅಂತ."

ಆಮೇಲೆ ಅವರು ನಕ್ಕರು. ಅಂಥ ನಗುವನ್ನು ನಾನು ಅವರ ಮುಖದಲ್ಲಿ ಕಂಡಿರಲಿಲ್ಲ.

"ನೀನ್ ಬಂದು, ನಂಗೂ ಕೇಳ್ತದೆ ಅಂದ್ಯಲ್ಲ, ಅವತ್ತಿಂದ ನನ್ ಎದೆ ಮ್ಯಾಲಿನ್ ಕಲ್ಲು ಇಳೀತು. ಕಿವಿ ನೆಟ್ಗದೆ, ಸದ್ದು ಹೊರಗಿಂದೇಯ ಅಂತ ಗೊತ್ತಾಯ್ತು. ಇನ್ನೇನ್ ಬುಡು, ಎಣಿಸ್ಬೋದು. ನಿಮ್ಮೂರ್ ಕಡೆ ಜನಾನೇ ಕೆಲ್ಸಕ್ ಬತ್ತಾರಂತೆ."

ನನ್ನ ಹೂಂ ಹೆಂಚು ಕಿತ್ತಿತ್ತು, ಜೀರುಂಡೆ ಗಡೀಪಾರು ಮಾಡಿತ್ತು, ನನ್ನ ಕಿವಿಗೆ ಎಣ್ಣೆ ಹಾಕಿಸಿತ್ತು. ಅದೆಲ್ಲ ನಗುವ ಮಾತು. ಸೋಮವಾರ ಅದೇ ಹೂಂ ನಂಬಿಕೊಂಡು ಮಳವಳ್ಳಿಯ ಜನ ಬಂಡೆಯ ಕೆಳಗೆ ಇಳಿಯುತ್ತಾರೆ. ಹೇಳದಿದ್ದರೆ ಯಾರದೋ ಪ್ರಾಣ ಹೋಗುತ್ತದೆ. ಹೇಳಿದರೆ ಈ ನಗು ಹೋಗುತ್ತದೆ. ಅಮ್ಮ ಇದಕ್ಕೇನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ನಾನು ಕದದ ಹಿಂದಿನಿಂದ ಈಚೆ ಬಂದೆ.

"ಇಲ್ಲ ಮಾವ," ಅಂದೆ.

ಕೇಳಿಸಲಿಲ್ಲ. ಸಣ್ಣ ದನಿಯಲ್ಲವೇ, ಅದೇ ಮೊದಲು ಹೋಗುವುದು. ಅವರು ಇನ್ನೂ ನಗುತ್ತಲೇ ಇದ್ದರು. ಮತ್ತೆ ಹೇಳಿದೆ. "ಏನವ್ವ?" ಎಂದು ಕೈಯನ್ನು ಕಿವಿಗೆ ಹಿಡಿದರು. ಮಾವನ ಮುಂದೆ ಪಿಸುಗುಟ್ಟಿಯೂ ಗೊತ್ತಿಲ್ಲದ ನಾನು ಎದುರಿಗೆ ನಿಂತು, ಸೆರಗು ಜಾರಿದ್ದೂ ತಿಳಿಯದೆ, ಗಂಟಲು ಹರಿಯುವ ಹಾಗೆ ಕಿರುಚಿದೆ.

"ನಂಗೆ ಕೇಳಿಸಲ್ಲ ಮಾವ! ಒಂದು ದಿನವೂ ಕೇಳಿಸಿಲ್ಲ! ನಾನು ಸುಳ್ಳು ಹೇಳ್ದೆ! ಅದು ನಿಮ್ಮ ಕಿವಿಲೇ ಇರೋದು! ನೀವು ಹೋಗ್ಬೇಡಿ!"

ಬೀದಿಗೆಲ್ಲ ಕೇಳಿಸಿತು. ಹಿತ್ತಲಿನಿಂದ ಅತ್ತೆ ಓಡಿಬಂದು ಬಾಗಿಲಲ್ಲಿ ನಿಂತರು. ಮಾವನವರಿಗೂ ಕೇಳಿಸಿತು. ನಗು ಒಂದೇ ಸಲಕ್ಕೆ ಹೋಗಲಿಲ್ಲ, ಸ್ವಲ್ಪಸ್ವಲ್ಪವಾಗಿ ಇಳಿಯಿತು. ನನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಒಂದಿನಾನೂ ಇಲ್ವಾ?" ಎಂದರು.

ತಲೆಯಾಡಿಸಿದೆ, ಈ ಸಲ ಇಲ್ಲ ಎಂದು. ಆ ಮನೆಯಲ್ಲಿ ಮಾವನವರಿಗೆ ಮುಟ್ಟಿದ ನನ್ನ ಮೊದಲ ಇಲ್ಲ ಅದು.

ಅವರು ಎದ್ದು ತೂಬಿನ ಕಡೆ ಹೋದರು. ಸಂಜೆ ಬಂದು, ಮಳವಳ್ಳಿಗೆ ಬರುವುದಿಲ್ಲವೆಂದು ಹೇಳಿಕಳಿಸಲು ಮಗನಿಗೆ ಹೇಳಿದರು. ಮುದ್ದೆ ಅರ್ಧಕ್ಕೇ ಬಿಟ್ಟರು. ಮಾರನೆಯ ಬೆಳಿಗ್ಗೆ ಜಗಲಿಯಿಂದ, "ಇವತ್ ಎಂಗದೆ?" ಎನ್ನುವ ಮಾತು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಅತ್ತೆಯಾದರೂ ಎರಡು ಮಾತು ಅನ್ನಬಾರದೇ ಎನಿಸುತ್ತಿತ್ತು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಪಾಲಿನ ಔಷಧದ ಸೀಸೆಯನ್ನು ಎತ್ತಿ ಹಿತ್ತಲಿಗೆ ಎಸೆದರು, ಅಷ್ಟೇ. ಗಂಡನನ್ನು ಕರೆಯಬೇಕಾದಾಗ ಕೂಗುವುದನ್ನು ಬಿಟ್ಟು, ಹತ್ತಿರ ಹೋಗಿ ಭುಜ ಮುಟ್ಟಲು ಶುರುಮಾಡಿದರು.

ಮೂರನೆಯ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಸುಳ್ಳು ಹೋದರೆ ಹೋಯಿತು, ಆ ಮನುಷ್ಯನಿಗೆ ಸದ್ದು ಹೋಗಿಲ್ಲವಲ್ಲ? ಅದನ್ನು ಇನ್ನು ಅವರು ಒಬ್ಬರೇ ಕೇಳಬೇಕು. ಒಲೆಯ ಮೇಲೆ ಸಾರಿಟ್ಟು, ಮಜ್ಜಿಗೆಯ ಲೋಟ ಹಿಡಿದು, ಬಾಗಿಲು ದಾಟಿ ಜಗಲಿಗೇ ಹೋಗಿ ಅವರ ಎದುರಿಗೆ ನಿಂತೆ. ಬೀದಿಯವರು ನೋಡುತ್ತಿದ್ದರು. ನೋಡಲಿ ಎಂದು ದನಿಯೆತ್ತಿ ಕೇಳಿದೆ.

"ಇವತ್ತು ಹೆಂಗಿದೆ ಮಾವ?"

ಅವರು ಮಜ್ಜಿಗೆ ತೆಗೆದುಕೊಂಡು ಕುಡಿದರು. ಹಾಸಿದ್ದ ಟವಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದರು.

"ಕೂತ್ಕೊ ಕಣವ್ವ. ಇವತ್ತು ವಸಿ ಜಾಸ್ತಿನೇ ಅದೆ," ಎಂದರು.

ಸೊಸೆ ಮಾವನ ಪಕ್ಕ ಜಗಲಿಯಲ್ಲಿ ಕೂತದ್ದು ಹನಕೆರೆಯಲ್ಲಿ ಅದೇ ಮೊದಲಿರಬೇಕು. ಅವರು ಹೇಳತೊಡಗಿದರು, ಅದು ಎಲ್ಲಿಂದ ಏಳುತ್ತದೆ, ಯಾವಾಗ ಸಣ್ಣಗಾಗುತ್ತದೆ, ಆ ದಿನ ಇಳಿದವರ ಹೆಸರುಗಳೇನು, ಪೇಟ ಹಾರಿಹೋದವನು ಈಗ ಎಲ್ಲಿದ್ದಾನೆ. ಅಷ್ಟು ವರ್ಷದ ಮಾತು ಒಂದು ಬೆಳಿಗ್ಗೆಗೆ ಮುಗಿಯುತ್ತದೆಯೇ? ಒಳಗೆ ಸಾರು ಉಕ್ಕಿ, ಒಲೆ ಆರಿ, ಹೊಗೆ ಬಂತು. ಅತ್ತೆ ಕೂಗಿದರು. ಮಾವನವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಆದರೆ ಏಳಲಿಲ್ಲ.